ಬಚ್ಚಲುಮನೆಯಲ್ಲಿ ಮೂರು ಗೇರ್‌ಬಾಕ್ಸ್

“ನಾಳೆ ಸಂಜೆಯೊಳಗೆ ಈ ಮೂವರ ಹೆಸರು, ಊರು, ಹೆತ್ತವರು ಎಲ್ಲಾ ಹೇಳದಿದ್ರೆ ನನ್ನ ಮೇಸ್ತ್ರಿ ಅಂತ ಕರೀಬೇಡ!”

ಶನಿವಾರ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಗ್ಯಾರೇಜಿನ ಮೇಸ್ತ್ರಿಗಳು ಹೀಗೆ ಗುಡುಗಿದರು. ಒಳಗೆ, ನಲ್ಲಿಯ ಕೆಳಗೆ, ಮೂರು ಗೇರ್‌ಬಾಕ್ಸುಗಳು ಕರಿ ಎಮ್ಮೆಗಳ ಹಾಗೆ ಮಲಗಿದ್ದವು. ಬಾಗಿಲು ಹಾಕುತ್ತಿದ್ದ ಗುಜರಿ ಅಂಗಡಿಯಿಂದ ಹೊತ್ತು ತಂದ ಮಾಲು. ಯಾವುದೋ ಹಳೆಯ ಕಾರುಗಳ ಹೊಟ್ಟೆಯಿಂದ ಯಾರೋ ಯಾವಾಗಲೋ ಕಿತ್ತವು. ಯಾವ ಕಾರಿನವು ಎಂದು ಕಿತ್ತವನೂ ಬರೆದಿಟ್ಟಿರಲಿಲ್ಲ.

“ಗೇರಂತೆ ಗೇರು!” ಎಂದರು ಹೆಂಡತಿ, ಹೊಲಿಗೆ ಯಂತ್ರದ ಹಿಂದಿನಿಂದ. ಅವರು ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ದರ್ಜಿ. “ಗೇರುಬೀಜ ತಂದಿದ್ರೆ ಹುರಿದಾದ್ರೂ ತಿನ್ನಬಹುದಿತ್ತು. ಈಗ ಸ್ನಾನ ಎಲ್ಲಿ ಮಾಡೋದು?”

“ಒಂದು ದಿನ ಸ್ನಾನ ಬಿಟ್ರೆ ಯಾರೂ ಸಾಯಲ್ಲ ಕಣೇ. ಅಲ್ಲಿ ಟೀಚರಮ್ಮನ ಕಾರು ಸಾಯ್ತಾ ಇದೆ!”

ಅದು ನಿಜವೇ. ನಿವೃತ್ತ ಟೀಚರಮ್ಮ ನಡೆಯಲಾಗದ ಇಬ್ಬರು ಗೆಳತಿಯರನ್ನು ವಾರಕ್ಕೊಮ್ಮೆ ಕೂರಿಸಿಕೊಂಡು ಗ್ರಂಥಾಲಯಕ್ಕೆ ಹೋಗಿಬರುತ್ತಿದ್ದ ಹಳೆಯ ಕಾರು ಅದು. ಗೇರ್‌ಬಾಕ್ಸ್ ಪುಡಿಪುಡಿಯಾಗಿತ್ತು. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ. ಈ ಮೂರರಲ್ಲಿ ಒಂದಾದರೂ ಅದಕ್ಕೆ ಹೊಂದೀತು ಎಂಬುದೇ ಮೇಸ್ತ್ರಿಗಳ ಆಸೆ. ಟೀಚರಮ್ಮನ ತಮ್ಮ ಆಗಲೇ ಇನ್ನೊಬ್ಬ ಗುಜರಿಯವನಿಗೆ ಹೇಳಿಬಿಟ್ಟಿದ್ದ: ಸೋಮವಾರ ಬೆಳಿಗ್ಗೆ ಬಂದು ಕಾರನ್ನು ಎಳೆದುಕೊಂಡು ಹೋಗು ಎಂದು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿಗಳು ಅರ್ಧ ಯುದ್ಧ ಗೆದ್ದಿದ್ದರು. ಮೊದಲನೆಯದರ ಬೋಲ್ಟಿನ ತೂತು ಎಣಿಸಿ “ಇದು ವ್ಯಾನಿಂದು!” ಎಂದು ಕೂಗಿದರು. ಎರಡನೆಯದರ ಒಂದು ತುದಿಯ ಶಾಫ್ಟ್ ತಿರುಗಿಸಿ, ಇನ್ನೊಂದು ತುದಿ ಎಷ್ಟು ಸುತ್ತು ತಿರುಗಿತೆಂದು ಲೆಕ್ಕ ಹಾಕಿ “ಇದು ಜೀಪಿಂದು!” ಎಂದು ಕುಣಿದರು. ಮೂರನೆಯದು ಮಾತ್ರ ಬಾಯಿ ಬಿಡಲಿಲ್ಲ. ಅಚ್ಚುಹಾಕಿದ ನಂಬರು ಮೈಮೇಲೆ ಎಲ್ಲೋ ಇರಬೇಕು. ಮೂರು ಕಡೆ ಉಜ್ಜಿದರು, ಸಿಗಲಿಲ್ಲ.

“ಟೇಪು ಕೊಡ್ಲಾ? ತೂತಿನ ಅಳತೆಯಾದ್ರೂ ತಗೊಳ್ಳಿ,” ಎಂದರು ಹೆಂಡತಿ.

“ಟೇಪು ನಿನ್ನಂಥವರಿಗೆ! ಮೂವತ್ತು ವರ್ಷದ ಸರ್ವೀಸು ಈ ಬೆರಳಲ್ಲಿದೆ!”

ಎಂದವರೇ ಗೇರ್‌ಬಾಕ್ಸಿನ ಅಂಚಿನಲ್ಲಿ ಕಿವಿಯ ಹಾಗೆ ಚಾಚಿದ್ದ ಭಾಗದ ಬೋಲ್ಟಿನ ತೂತಿಗೆ ತೋರುಬೆರಳು ತೂರಿಸಿದರು. ಮೂವತ್ತು ವರ್ಷದ ಸರ್ವೀಸು ಗೆಣ್ಣಿನವರೆಗೂ ಸಲೀಸಾಗಿ ಒಳಗೆ ಹೋಯಿತು. ಹೊರಗೆ ಬರಲಿಲ್ಲ!

ಎಳೆದರು. ತಿರುಚಿದರು. ಬೆರಳು ಊದಿತು. ಐದು ನಿಮಿಷ ಮಾನ ಕಾಪಾಡಿಕೊಂಡು, ಆರನೆಯ ನಿಮಿಷಕ್ಕೆ ಕೂಗಿದರು: “ಇವಳೇ, ಸ್ವಲ್ಪ ಬಾರೇ…”

ಹೆಂಡತಿ ಬಂದು ನೋಡಿದರು. “ಇಷ್ಟು ವರ್ಷ ನಿಮ್ಮ ಕೈ ಹಿಡಿದಿದ್ದು ನಾನು ಅಂದ್ಕೊಂಡಿದ್ದೆ.”

“ತಮಾಷೆ ಆಮೇಲೆ ಮಾಡು. ಸೋಪು ತಾ!”

ಹೆಂಡತಿ ಅರ್ಧ ಬಕೆಟ್ ಸೋಪಿನ ನೀರನ್ನು ಬೆರಳಿನ ಮೇಲೆ, ಗೇರ್‌ಬಾಕ್ಸಿನ ಮೇಲೆ, ಗಂಡನ ಮೇಲೆ ಸಮನಾಗಿ ಹುಯ್ದರು. ಬೆರಳು ಜಪ್ಪಯ್ಯ ಅನ್ನಲಿಲ್ಲ. ಮೇಸ್ತ್ರಿಗಳ ಕಾಲು ಮಾತ್ರ ಜಾರಿತು. ದೊಪ್ಪೆಂದು ಅಂಗಾತ ಬಿದ್ದರು. ಎರಡು ಮರದ ತುಂಡುಗಳ ಮೇಲೆ ಕೂತಿದ್ದ ಗೇರ್‌ಬಾಕ್ಸಿನ ಅಡಿಗೆ ತಲೆ ಹೋಯಿತು, ಬೆರಳು ಅಲ್ಲೇ ನೇತಾಡಿತು.

ಸರಿಯಾಗಿ ಅದೇ ಹೊತ್ತಿಗೆ ಟೀಚರಮ್ಮ ಬಂದರು. “ನಾಳೆ ಬೆಳಿಗ್ಗೇನೇ ಗಾಡಿ ಎಳ್ಕೊಂಡು ಹೋಗ್ತಾರಂತೆ, ಮೇಸ್ತ್ರಿ. ಕೊನೇ ಸಲ ಕೇಳೋಣ ಅಂತ… ಅಯ್ಯೋ, ಇದೇನಪ್ಪಾ?”

“ಮಾತಾಡ್ಬೇಡಿ!” ಒಳಗಿನಿಂದ ದನಿ ಬಂತು. “ಬರ್ಕೊಳ್ಳಿ! ನಾಲ್ಕು… ಏಳು…”

ಸೋಪಿನ ನೀರು ಹರಿದು ಅಡಿಭಾಗದ ಜಿಡ್ಡು ಕರಗಿಸಿತ್ತು. ಮೇಸ್ತ್ರಿಗಳ ಮೂಗಿಗೆ ಒಂದೇ ಗೇಣು ದೂರದಲ್ಲಿ ನಂಬರು ಹೊಳೆಯುತ್ತಿತ್ತು! ಟೀಚರಮ್ಮ ಅಂಗೈಮೇಲೆ ಬರೆದುಕೊಂಡರು. ಹೆಂಡತಿ ಹಳೆಯ ಪಾರ್ಟ್ಸ್ ಪುಸ್ತಕ ತಂದು ಕೊಟ್ಟರು. ಟೀಚರಮ್ಮ ಹಾಳೆ ಮಗುಚಿದರು, ಕನ್ನಡಕ ಸರಿಮಾಡಿಕೊಂಡರು, ಎರಡು ಸಲ ಓದಿದರು.

“ಮೇಸ್ತ್ರಿ… ಇದು ನನ್ನ ಕಾರಿಂದೇ!”

“ಗೆದ್ದೆ!” ಎಂದು ಮೇಸ್ತ್ರಿಗಳು ಚಂಗನೆ ಎದ್ದರು. ಅಂದರೆ, ಎದ್ದವರನ್ನು ಗೇರ್‌ಬಾಕ್ಸ್ ಬೆರಳು ಹಿಡಿದು ಮತ್ತೆ ಕೂರಿಸಿತು.

ಆಗ ಹೆಂಡತಿ ಗಟ್ಟಿ ದಾರದ ಉಂಡೆ ತಂದರು. ದಾರದ ತುದಿಯನ್ನು ಸೂಜಿಯ ಹಿಂಬದಿಯಿಂದ ತೂತಿನೊಳಗೆ ತೂರಿಸಿ ಅಂಗೈ ಕಡೆಗೆ ಎಳೆದುಕೊಂಡು, ಉಳಿದ ದಾರವನ್ನು ತೂತಿನಾಚೆ ಚಾಚಿದ್ದ ಊದಿದ ಬೆರಳಿಗೆ ಬಿಗಿಯಾಗಿ ಉಗುರಿನವರೆಗೂ ಸುತ್ತಿದರು. ಆಮೇಲೆ ಅಂಗೈ ಕಡೆಯ ತುದಿಯನ್ನು ಹಿಡಿದು ಒಂದೊಂದೇ ಸುತ್ತು ಬಿಚ್ಚುತ್ತ ಬಂದರು. ಸುತ್ತಿಗೊಂದು ಕೂದಲೆಳೆಯಷ್ಟು ಬೆರಳು ಹಿಂದೆ ಸರಿಯಿತು. ಸುತ್ತಿಗೊಂದು “ಅಯ್ಯಯ್ಯೋ!” ಕೂಡ ಹೊರಬಿತ್ತು. ಕೊನೆಗೆ, ಪಟ್! ಮೇಸ್ತ್ರಿಗಳು ಸ್ವತಂತ್ರರಾದರು.

ಒದ್ದೆ ಬಟ್ಟೆಯಲ್ಲೇ, ಊದಿದ ಬೆರಳಲ್ಲೇ, ಸಂಜೆಗೆ ಗೇರ್‌ಬಾಕ್ಸ್ ಕೂರಿಸಿದರು. ಬೋಲ್ಟುಗಳೆಲ್ಲ ಹೇಳಿ ಮಾಡಿಸಿದ ಹಾಗೆ ಕೂತವು. ಸೋಮವಾರ ಬೆಳಿಗ್ಗೆ ಗುಜರಿಯವನು ಹಗ್ಗ ಹಿಡಿದು ಬಂದಾಗ ಟೀಚರಮ್ಮ ಅವನೆದುರೇ ಗೇರು ಹಾಕಿ, ಹಾರ್ನ್ ಒತ್ತಿ, ಗೆಳತಿಯರಿಬ್ಬರನ್ನು ಕೂರಿಸಿಕೊಂಡು ಹೊರಟೇಬಿಟ್ಟರು. ದಾರಿಯುದ್ದಕ್ಕೂ, ಗ್ರಂಥಾಲಯದಲ್ಲೂ, ಸಿಕ್ಕವರಿಗೆಲ್ಲ ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದರು.

ಹೆಮ್ಮೆಗೆ ಮೇಸ್ತ್ರಿಗಳ ಕಾಲು ನೆಲದ ಮೇಲೆ ನಿಲ್ಲದಾಯಿತು. ಮನೆಮುಂದೆ ಬೋರ್ಡು ನೇತುಹಾಕಿದರು: “ಎಂಥ ಅಜ್ಞಾತ ಗೇರ್‌ಬಾಕ್ಸಾದರೂ ಇಲ್ಲಿ ಗುರುತಿಸಲಾಗುವುದು!”

ಮೂರನೆಯ ದಿನ ತಳ್ಳುಗಾಡಿಯೊಂದು ಬಂತು. ಮೇಲೆ ಜಿಡ್ಡುಹಿಡಿದ ಗೇರ್‌ಬಾಕ್ಸ್. ಅದರ ಪಕ್ಕದಲ್ಲೇ ಸೊಂಟ ಬಗ್ಗಿಸಿಕೊಂಡು ಪಕ್ಕದ ಬೀದಿಯ ಮೆಕ್ಯಾನಿಕ್! ಹತ್ತು ವರ್ಷದಿಂದ ಎದುರಿಗೆ ಸಿಕ್ಕರೂ ನಮಸ್ಕಾರ ಅನ್ನದ ಮನುಷ್ಯ, ಇವತ್ತು ಇಷ್ಟು ಬಗ್ಗಿಕೊಂಡು ಬರುತ್ತಿದ್ದಾನೆ! ಮೇಸ್ತ್ರಿಗಳು ಮೀಸೆ ತೀಡಿದರು.

“ಬನ್ನಿ, ಬನ್ನಿ! ಯಾವ ಗಾಡೀದು ಅಂತ ಗೊತ್ತಾಗ್ಲಿಲ್ವಾ? ನಾನು ಹೇಳ್ತೀನಿ, ತಾಳಿ!”

“ಗಾಡಿ ಯಾವ್ದು ಅಂತ ನಂಗೆ ಚೆನ್ನಾಗಿ ಗೊತ್ತು ಕಣ್ರೀ,” ಎಂದ ಆತ, ಗೇರ್‌ಬಾಕ್ಸಿನ ಕಿವಿಯಲ್ಲಿ ಸಿಕ್ಕಿಬಿದ್ದಿದ್ದ ಬೆರಳನ್ನು ನೋಡಿಕೊಳ್ಳುತ್ತ. “ನೀವು ಸ್ವಲ್ಪ ಪಕ್ಕಕ್ಕೆ ಸರೀರಿ. ಅಕ್ಕ ಮನೇಲಿದಾರಾ?”