ಇಪ್ಪತ್ತನಾಲ್ಕು ತೂತಿನ ಪೆಟ್ಟಿಗೆ

ಯಂತ್ರಗಳು ಹೇಳಿದಷ್ಟು ಮಾತ್ರ ಮಾಡುತ್ತವೆ; ಮನುಷ್ಯರು ಹೇಳದಿದ್ದನ್ನೂ ಪ್ರೀತಿಯಿಂದ ಮಾಡುತ್ತಾರೆ. ನೆಟ್‌ವರ್ಕ್ ರಿಪೇರಿಯ ನನ್ನ ಹೊಟ್ಟೆಪಾಡು ನಡೆಯುತ್ತಿರುವುದು ಈ ಪ್ರೀತಿಯಿಂದಲೇ. ಆಯುಧಪೂಜೆಯ ವಾರ ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಅದು ಸ್ವಲ್ಪ ಹೆಚ್ಚೇ ಆಯಿತು.

೧. ಅಕ್ಕನ ಅಚ್ಚುಕಟ್ಟು

ಕಂಪ್ಯೂಟರು, ಫೋನು ಎಲ್ಲವೂ ಒಟ್ಟಿಗೆ ಸತ್ತಿದ್ದವು. ಮಾಲೀಕರು ನನ್ನನ್ನು ಕೂರಿಸದೆಯೇ ಹೇಳಿದರು: "ಶುಕ್ರವಾರ ನಮ್ಮಲ್ಲಿ ಪೂಜೆ. ಅವತ್ತೇ ಹುಬ್ಬಳ್ಳಿ ಗಿರಾಕಿ ಫೋನ್ ಮಾಡಿ ದೊಡ್ಡ ಆರ್ಡರ್ ಮಾತಾಡ್ತಾರೆ. ಲೈನ್ ಹೋದ್ರೆ ಆರ್ಡರ್ ಹೋಗುತ್ತೆ. ಆರ್ಡರ್ ಹೋದ್ರೆ ನೀವೂ ಹೋಗ್ತಾ ಇರಿ."

ಗೋಡೆಯ ಮೇಲಿನ ಸ್ವಿಚ್ ಎಂದರೆ ಇಪ್ಪತ್ತನಾಲ್ಕು ತೂತಿನ ಪೆಟ್ಟಿಗೆ, ತೂತಿಗೊಂದು ಪುಟ್ಟ ದೀಪ. ಎಲ್ಲ ಕೇಬಲ್ಲುಗಳೂ ಅಲ್ಲಿಗೇ ಬರುತ್ತವೆ. ನೋಡಿದರೆ ಒಂದೇ ಕೇಬಲ್ಲಿನ ಎರಡೂ ತುದಿ ಅದೇ ಪೆಟ್ಟಿಗೆಯಲ್ಲಿ. ಇದಕ್ಕೆ ಲೂಪ್ ಎನ್ನುತ್ತಾರೆ. ಹೊರಟ ಸಂದೇಶ ಅಲ್ಲೇ ಸುತ್ತುತ್ತದೆ, ಸುತ್ತುತ್ತ ಸಾವಿರವಾಗುತ್ತದೆ, ಬೇರೆ ಯಾವುದಕ್ಕೂ ದಾರಿ ಉಳಿಯುವುದಿಲ್ಲ. ಕಸ ಗುಡಿಸುವ ಅಕ್ಕ ಹಬ್ಬದ ಧೂಳು ಹೊಡೆದು ಪಕ್ಕದಲ್ಲೇ ನಿಂತಿದ್ದರು.

"ಇದನ್ನ ಯಾರಕ್ಕ ಚುಚ್ಚಿದ್ದು?"

"ನಾನೇ ಸಾರ್. ಹಬ್ಬದಾಗೆ ವೈರು ಇಂಗೆ ನೇತಾಡ್ತಾ ಇದ್ರೆ ಚೆಂದಾಗಿರ್ತದಾ? ಪಕ್ಕದಾಗೆ ತೂತು ಖಾಲಿ ಇತ್ತು."

ಕಿತ್ತು ಹಾಕಿದೆ. ನಾನು ಗೇಟು ದಾಟುವಷ್ಟರಲ್ಲಿ ಅವರು ಮತ್ತೆ ಚುಚ್ಚಿದ್ದರು.

೨. ಆರಿದ ದೀಪ

ಜನರನ್ನು ತಿದ್ದುವುದಕ್ಕಿಂತ ಪೆಟ್ಟಿಗೆಯನ್ನು ತಿದ್ದುವುದು ಸುಲಭ. ಲೂಪ್ ಕಂಡ ಕೂಡಲೇ ಆ ತೂತನ್ನಷ್ಟೇ ಮುಚ್ಚಿ ಉಳಿದವನ್ನು ಕಾಪಾಡುವಂತೆ ಸೆಟ್ಟಿಂಗ್ ಮಾಡಿ ಬಂದೆ. ಮರುದಿನ ಸೂಪರ್‌ವೈಸರ್ ಫೋನು.

"ಸಾರ್, ಅಕ್ಕ ವೈರ್ ಹಾಕಿದ ತೂತಿನ ಲೈಟೇ ಹೋಯ್ತು. ಪೂಜೆ ಟೈಮಲ್ಲಿ ದೀಪ ಆರಿದ್ರೆ ಸರಿಯಲ್ಲ ಅಂತ ಪಕ್ಕದ್ದಕ್ಕೆ ಹಾಕ್ದೆ. ಅದೂ ಹೋಯ್ತು."

"ಒಟ್ಟು ಎಷ್ಟು ಹೋಗಿದೆ?"

"ಐದು. ಖಾಲಿ ಇರೋದು ಇನ್ನೂ ಒಂಬತ್ತಿದೆ, ಟ್ರೈ ಮಾಡ್ತಾ ಇದ್ದೀನಿ."

"ಕಂಪ್ಯೂಟರು, ಫೋನು?"

"ಅವೆಲ್ಲ ಸಕ್ಕತ್ತಾಗಿ ನಡೀತಿವೆ ಸಾರ್. ಅದಕ್ಕೇ ನನಗೆ ಇದಕ್ಕೆ ಟೈಮ್ ಸಿಕ್ಕಿದ್ದು."

೩. ಮೊದಲ ಮಣೆ

ಲೈನು ಹೋಗುವುದು ನಿಂತಿತು, ಆದರೆ ಫೋನಿನಲ್ಲಿ ಮಾತು ತುಂಡು ತುಂಡಾಗುತ್ತಿತ್ತು. ಗುರುವಾರ ಧ್ವನಿಗೆಂದೇ ಬೇರೆ ದಾರಿ ಮಾಡಿ, ಅದಕ್ಕೇ ಮೊದಲ ಮಣೆ ಹಾಕಿದೆ.

"ಆಂಬುಲೆನ್ಸ್ ಬಂದ್ರೆ ಬೇರೆ ಗಾಡಿಗಳು ಪಕ್ಕಕ್ಕೆ ಸರೀತಾವಲ್ಲ, ಹಾಗೆ" ಎಂದು ಮಾಲೀಕರಿಗೆ ವಿವರಿಸಿದೆ.

"ಮಾರತ್ತಹಳ್ಳೀಲಿ ಯಾವತ್ತಾದ್ರೂ ಸರಿದದ್ದು ನೋಡಿದ್ದೀರಾ?"

"ಇಲ್ಲಿ ಸರೀತಾವೆ ಸಾರ್. ಇವಕ್ಕೆ ಡ್ರೈವರ್ ಇಲ್ಲ."

ಸುದ್ದಿ ಹಬ್ಬಿತು. ಸೂಪರ್‌ವೈಸರ್ ನನ್ನನ್ನು ಪಕ್ಕಕ್ಕೆ ಕರೆದು, "ನನ್ನ ಕಂಪ್ಯೂಟರನ್ನೂ ಫೋನ್ ಅಂತಲೇ ಬರ್ಕೊಳ್ಳಿ ಸಾರ್" ಎಂದರು.

"ಆಗಲ್ಲ ಕಣ್ರೀ, ಅದು ಮಾತಾಡಲ್ಲ."

"ನಾನು ಮಾತಾಡ್ತೀನಲ್ಲ."

೪. ಎದುರಿಗೇ ಕೂತಂತೆ

ಶುಕ್ರವಾರ ಲೇತ್ ಯಂತ್ರಕ್ಕೂ ಸ್ವಿಚ್ಚಿಗೂ ಒಂದೇ ಅಳತೆಯ ಚೆಂಡುಹೂವಿನ ಹಾರ. ಕುಂಕುಮವನ್ನು ತೂತುಗಳ ಒಳಗೆ ಹಾಕದೆ ಹೊರಗೆ ಹಚ್ಚಿದ್ದಕ್ಕೆ ನಾನು ಅಕ್ಕನಿಗೆ ಕೈಮುಗಿದೆ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯುವ ಹೊತ್ತಿಗೆ ಸರಿಯಾಗಿ ಹುಬ್ಬಳ್ಳಿಯ ಫೋನು ಬಂತು. ಮಾಲೀಕರು ಸ್ಪೀಕರಿಗೆ ಹಾಕಿದರು. ಗಿರಾಕಿಯ ದನಿ ಎದುರಿಗೇ ಕೂತು ಮಾತಾಡಿದಂತಿತ್ತು.

"ಆರ್ಡರ್ ನಿಮಗ ಕೊಡೋಣಂತ ಮಾಡೇವ್ರಿ. ಮಾಲು ಯಾವಾಗ ಕಳಸ್ತೀರಿ?"

ಈ ಪ್ರಶ್ನೆಗೆ ಮಾಲೀಕರದು ಇಷ್ಟು ವರ್ಷವೂ ಒಂದೇ ಉತ್ತರವಂತೆ. ಅಭ್ಯಾಸಬಲದಿಂದ ಅದನ್ನೇ ಕೊಟ್ಟರು: "ಹಲೋ... ಹಲೋ... ವಾಯ್ಸ್ ಕಟ್ ಆಗ್ತಾ ಇದೆ ಸಾರ್."

"ಇಲ್ರೀ. ನೀವು ಬಾಗಲದಾಗ ಕುಂಬಳಕಾಯಿ ಒಡದದ್ದೂ ಚೊಲೋ ಕೇಳಸ್ತು. ತಾರೀಖ ಹೇಳ್ರಿ."

ಮಾಲೀಕರು ಕಾರ್ಖಾನೆಯ ಚರಿತ್ರೆಯಲ್ಲೇ ಮೊದಲ ಸಲ ಒಂದು ತಾರೀಖು ಹೇಳಿದರು. ಆರ್ಡರ್ ಗಟ್ಟಿಯಾಯಿತು. ಫೋನಿಟ್ಟು, ನನ್ನ ಕೈಗೆ ಸಿಹಿಯ ಪೊಟ್ಟಣ ಕೊಟ್ಟು, "ಇನ್ಮೇಲೆ ಇಲ್ಲಿನ ಕೆಲಸ ಪೂರ್ತಿ ನಿಮ್ದೇ" ಎಂದರು. ಮೆಟ್ಟಿಲವರೆಗೂ ಬಂದು ದನಿ ತಗ್ಗಿಸಿದರು:

"ಈ ಹುಬ್ಬಳ್ಳಿ ನಂಬರಿಗೆ ಮಾತ್ರ ಮುಂಚೆ ಇದ್ದ ಸೆಟ್ಟಿಂಗೇ ವಾಪಸ್ ಹಾಕೋಕಾಗುತ್ತಾ, ಸ್ವಲ್ಪ ನೋಡಿ."