ಗುಡ್ಡದ ಗೇರು

“ಟ್ರಾನ್ಸ್‌ಫರ್ ಕೇಸಿನ ವಿಷಯ ಮಾತಾಡ್ಬೇಕು, ಸ್ವಲ್ಪ ಮೇಲೆ ಬಾ” ಎಂದು ಯಜಮಾನರು ಇಂಟರ್‌ಕಾಮಿನಲ್ಲಿ ಹೇಳಿ ಫೋನಿಟ್ಟರು. ಸಿಡುಕಪ್ಪನ ರಕ್ತ ಕುದಿಯಲು ಅಷ್ಟು ಸಾಕಾಯಿತು.

ಸಿಡುಕಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಹಾಸಿಗೆ ಕಾರ್ಖಾನೆಯವರು ಇಟ್ಟದ್ದು. ಅಲ್ಲಿ ಉಗ್ರಾಣದ ಮೇಲ್ವಿಚಾರಕನಾಗಿದ್ದ ಅವನು ಲಾರಿ ತಡವಾಗಿ ಬಂದರೆ ತಡವಾಯಿತೆಂದು ಸಿಡುಕುತ್ತಿದ್ದ, ಬೇಗ ಬಂದರೆ ಇಳಿಸಲು ಜಾಗವೆಲ್ಲಿದೆ ಎಂದು ಸಿಡುಕುತ್ತಿದ್ದ, ಸರಿಯಾದ ಹೊತ್ತಿಗೆ ಬಂದರೆ ಇಷ್ಟು ದಿನ ಯಾಕೆ ಹೀಗೆ ಬರಲಿಲ್ಲ ಎಂದು ಸಿಡುಕುತ್ತಿದ್ದ. ಆದರೆ ಅವನ ಉಗ್ರಾಣದಿಂದ ಒಂದು ದಿಂಬೂ ಕಾಣೆಯಾದದ್ದಿಲ್ಲ. ಹಳೆಯ ಮ್ಯಾನೇಜರು ನಿವೃತ್ತರಾಗಿ ಆ ಕುರ್ಚಿ ಖಾಲಿ ಬಿದ್ದಿತ್ತು. ಹೊಸ ಮ್ಯಾನೇಜರ್ ಯಾರೆಂದು ಯಜಮಾನರು ಅಂದು ಸಾಯಂಕಾಲ ಹೇಳುವವರಿದ್ದರು. ಕುರ್ಚಿಯ ಮೇಲೆ ಕಣ್ಣಿಟ್ಟವರು ಇಬ್ಬರೇ. ಒಬ್ಬ ಇವನು. ಇನ್ನೊಬ್ಬ ಮಾರಾಟ ವಿಭಾಗದ ಬೆಲ್ಲದಚ್ಚು. ಅವನ ಬಾಯಿಂದ ಬಿದ್ದ ಮಾತಿಗೆ ಇರುವೆ ಮುತ್ತುವುದೊಂದು ಬಾಕಿ ಎಂದು ಎಲ್ಲರೂ ಅವನನ್ನು ಹಾಗೆ ಕರೆಯುತ್ತಿದ್ದರು.

ತನ್ನನ್ನು ದೂರದ ಗೋದಾಮಿಗೆ ಎತ್ತಂಗಡಿ ಮಾಡಿ ಬೆಲ್ಲದಚ್ಚಿಗೆ ದಾರಿ ಮಾಡಿಕೊಡುವ ಹುನ್ನಾರ ಇದು ಎಂದು ಸಿಡುಕಪ್ಪ ತೀರ್ಮಾನಿಸಿದ. ಮೆಟ್ಟಿಲು ಹತ್ತುತ್ತಲೇ ಹಲ್ಲು ಕಡಿಯುತ್ತಾ ಮಾತು ಜೋಡಿಸಿಕೊಂಡ. ಬಾಗಿಲು ತಳ್ಳಿದವನೇ, ತಾನು ಎಲ್ಲಿಗೂ ಹೋಗುವವನಲ್ಲವೆಂದೂ ಬೇಕಿದ್ದರೆ ಕೆಲಸದಿಂದಲೇ ತೆಗೆದುಹಾಕಿರೆಂದೂ ಒಂದೇ ಉಸಿರಿನಲ್ಲಿ ಅಂದುಬಿಟ್ಟ.

ಯಜಮಾನರು ಕನ್ನಡಕದ ಮೇಲಿಂದ ಅವನನ್ನು ನೋಡಿದರು.

“ಗಾಡೀದು ಕಣಯ್ಯಾ” ಎಂದರು.

ಯಜಮಾನರ ಗಾಡಿಯೆಂದರೆ ಆನೆಯಷ್ಟು ಎತ್ತರದ, ಕಪ್ಪು ಬಣ್ಣದ, ಕಪ್ಪು ಗಾಜಿನ ವಿದೇಶಿ ಕಾರು. ಊರಿನಲ್ಲಿ ಅಂಥದ್ದು ಅದೊಂದೇ. ಅದರ ಹೊಟ್ಟೆಯಡಿಯಲ್ಲಿ ಒಂದು ಪೆಟ್ಟಿಗೆ ಇರುತ್ತದಂತೆ. ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ಹಂಚಿಕೊಡುವುದು ಅದರ ಕೆಲಸವಂತೆ. ಅದಕ್ಕೇ ಟ್ರಾನ್ಸ್‌ಫರ್ ಕೇಸ್ ಎನ್ನುವುದಂತೆ. ನಾಲ್ಕು ದಿನದಿಂದ ಅದು ಒಳಗೊಳಗೇ ನರಳುತ್ತಿತ್ತು. ಡ್ರೈವರನಿಗೆ ಹಲ್ಲುನೋವು ಬಂದು ಅವನು ರಜೆಯಲ್ಲಿದ್ದ. ಸಿಡುಕಪ್ಪನೇ ಗಾಡಿಯನ್ನು ಸರ್ವೀಸಿನವರ ಹತ್ತಿರ ಬಿಟ್ಟು ಬರಬೇಕು, ಸಾಯಂಕಾಲ ಮಿಕ್ಕಿದ್ದು ಮಾತಾಡೋಣ ಎಂದು ಯಜಮಾನರು ಕೀಲಿ ಕೊಟ್ಟರು. ಕೊಟ್ಟು ಪಕ್ಕದ ಕೋಣೆಗೆ ಹೋದರು. ಮಧ್ಯಾಹ್ನದ ಊಟವಾದ ಮೇಲೆ ಹೊಸ ಮಾದರಿಯ ಹಾಸಿಗೆಯ ಮೇಲೆ ಫೋನು ಆರಿಸಿ ಮಲಗುವುದು ಅವರ ಪದ್ಧತಿ. ಅದನ್ನವರು ಪರೀಕ್ಷೆ ಎನ್ನುತ್ತಿದ್ದರು. ಪರೀಕ್ಷೆಯ ನಡುವೆ ಎಬ್ಬಿಸಿದವನ ಕೆಲಸ ಹೋಗುತ್ತಿತ್ತು.

ಉಗ್ರಾಣ ನೋಡಿಕೊಳ್ಳುವವನು ಡ್ರೈವರನ ಕೆಲಸ ಯಾಕೆ ಮಾಡಬೇಕು ಎಂದು ಬೈದುಕೊಳ್ಳುತ್ತಲೇ ಸಿಡುಕಪ್ಪ ಗಾಡಿ ಹೊರಡಿಸಿದ. ಪೆಟ್ಟಿಗೆ ಸಣ್ಣಗೆ ನರಳಿತು. ಸುಮ್ಮನಿರು ಎಂದು ಅದಕ್ಕೂ ಗದರಿಸಿದ.

ಪೇಟೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಅವನು ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ನಿಂತಿದ್ದನಷ್ಟೇ, ಪಕ್ಕದ ಬಾಗಿಲು ತಾನಾಗಿ ತೆರೆದುಕೊಂಡಿತು. ನೆರೆಮನೆಯ ಮೇಷ್ಟ್ರು ಒಳಗೆ ಬಂದು ಕೂತರು. ಶಾಲೆಯಿಂದ ನಿವೃತ್ತರಾದ ಮೇಲೆ ಇಡೀ ಬೀದಿಯನ್ನೇ ತರಗತಿ ಮಾಡಿಕೊಂಡಿದ್ದವರು ಅವರು. ಕನ್ನಡಕದ ಅಂಗಡಿಯವರೆಗೆ ಬಿಟ್ಟರೆ ಸಾಕು ಎಂದರು. ಸಿಡುಕಪ್ಪ ಉತ್ತರ ಕೊಡುವ ಮೊದಲೇ ಗಾಡಿಯ ಒಳಗನ್ನೆಲ್ಲ ಪರಿಶೀಲಿಸತೊಡಗಿದರು. ಇದೇನು, ಅದೇನು ಎನ್ನುತ್ತಾ ಒಂದೊಂದೇ ಗುಂಡಿಗೆ ಬೆರಳು ತಾಗಿಸಿದರು. ಗೇರಿನ ಪಕ್ಕ ಗುಡ್ಡದ ಚಿತ್ರವಿದ್ದ ಒಂದು ಗುಂಡಿ ಅವರಿಗೆ ಬಹಳ ಹಿಡಿಸಿತು.

“ಮೇಷ್ಟ್ರೇ, ಅದನ್ನ ಮುಟ್ಟಬೇಡಿ” ಎಂದ ಸಿಡುಕಪ್ಪ.

“ಮುಟ್ಟಿಲ್ಲಪ್ಪ, ಒತ್ತಿದೆ ಅಷ್ಟೇ” ಎಂದರು ಮೇಷ್ಟ್ರು.

ಗಾಡಿಯ ಹೊಟ್ಟೆಯಲ್ಲಿ ‘ಕಟ್’ ಎಂದು ಏನೋ ಮುರಿದಂಥ ಶಬ್ದ ಬಂತು. ಸ್ಟಿಯರಿಂಗಿನ ಹಿಂದಿನ ಪರದೆಯಲ್ಲಿ ಹಳದಿ ದೀಪವೊಂದು ಮಿಟುಕತೊಡಗಿತು. ಹಸಿರು ಬಿದ್ದೊಡನೆ ಸಿಡುಕಪ್ಪ ಆಕ್ಸಿಲರೇಟರ್ ಒತ್ತಿದ. ಎಂಜಿನ್ನು ಸಿಂಹದಂತೆ ಗರ್ಜಿಸಿತು, ಗಾಡಿ ಆಮೆಯಂತೆ ಕದಲಿತು. ಗುಡ್ಡ ಹತ್ತುವ ಗೇರಿಗೆ ಬಿದ್ದ ಪೆಟ್ಟಿಗೆ ಅಲ್ಲಿಯೇ ಕಚ್ಚಿಕೊಂಡು ಕೂತಿತ್ತು. ಗುಂಡಿಯನ್ನು ಅವನು ಮತ್ತೆ ಒತ್ತಿದ, ಗುದ್ದಿದ, ಕೊನೆಗೆ ಅದರ ವಂಶವನ್ನೆಲ್ಲ ಜಾಲಾಡಿದ. ಹಳದಿ ದೀಪ ಅವನನ್ನೇ ಅಣಕಿಸುವಂತೆ ಕಣ್ಣು ಮಿಟುಕಿಸುತ್ತಿತ್ತು.

ಸರ್ವೀಸಿನವನಿಗೆ ಫೋನು ಮಾಡಿದ. ಅವನು ಮದುವೆಮನೆಯಲ್ಲಿ ಪಾನಕ ಬಡಿಸುವವನಷ್ಟು ತಣ್ಣಗೆ ಮಾತಾಡಿದ. ಎಳೆದು ತರುವ ಲಾರಿ ಬೇರೆ ಊರಿಗೆ ಹೋಗಿದೆಯೆಂದ. ಎಂಜಿನ್ ಆರಿಸಿದರೆ ಮತ್ತೆ ಕದಲುವ ಭರವಸೆಯಿಲ್ಲವೆಂದ. “ಮನುಷ್ಯ ನಡೆಯೋ ವೇಗದಲ್ಲಿ ತನ್ನಿ ಸಾರ್. ಮತ್ತೆ, ಜೋರಾಗಿ ಎಲ್ಲೂ ತಿರುಗಿಸ್ಬೇಡಿ. ಪೆಟ್ಟಿಗೆ ಒಡೆದುಹೋದ್ರೆ ಯಜಮಾನರು ನಿಮ್ಮನ್ನೇ ಕೇಳ್ತಾರೆ.”

ಸಿಡುಕಪ್ಪ ನಾಲ್ಕೂ ಇಂಡಿಕೇಟರ್ ಹಾಕಲು ಹೋಗಿ ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದ. ನಡುಮಧ್ಯಾಹ್ನದಲ್ಲಿ ಹೆಡ್‌ಲೈಟೂ ಹತ್ತಿಕೊಂಡಿತು. ಅದನ್ನು ಆರಿಸುವುದು ಹೇಗೆಂದು ಗೊತ್ತಾಗಲಿಲ್ಲ. ತಪ್ಪು ತನ್ನಿಂದಾಯಿತೆಂದು ಒಪ್ಪದಿದ್ದರೂ ಮೇಷ್ಟ್ರಿಗೆ ಸ್ವಲ್ಪ ಮುಜುಗರವಾಗಿತ್ತು. ಮುಂದೆ ನಡೆದು ದಾರಿ ಬಿಡಿಸಿಕೊಡುತ್ತೇನೆ ಎಂದು ಇಳಿದರು. ಕೈ ಹಿಂದೆ ಕಟ್ಟಿಕೊಂಡು, ಹಳ್ಳ ಇದೆಯೋ ಎಂದು ತಲೆ ತಗ್ಗಿಸಿ ನೆಲ ನೋಡುತ್ತಾ, ನಿಧಾನವಾಗಿ ಗಾಡಿಯ ಮುಂದೆ ಹೆಜ್ಜೆ ಹಾಕಿದರು.

ಪೇಟೆಯವರು ಕಂಡದ್ದು ಇಷ್ಟು. ಯಜಮಾನರ ಕರಿ ಗಾಡಿ ದೀಪ ಹೊತ್ತಿಸಿಕೊಂಡು ನಡಿಗೆಯ ವೇಗದಲ್ಲಿ ಬರುತ್ತಿದೆ. ಅದರ ಮುಂದೆ ಊರಿನ ಹಿರಿಯರೊಬ್ಬರು ತಲೆ ತಗ್ಗಿಸಿ ನಡೆಯುತ್ತಿದ್ದಾರೆ.

ಕಾರ್ಖಾನೆಗೆ ಹಾಸಿಗೆಯ ಹೊದಿಕೆ ಹೊಲಿದುಕೊಡುವ ದರ್ಜಿ ತನ್ನ ಅಂಗಡಿಯಿಂದ ಇಳಿದು ಬಂದು, ಏನಾಯಿತೆಂದು ಮೇಷ್ಟ್ರನ್ನು ಮೆಲ್ಲಗೆ ಕೇಳಿದ.

“ಏನು ಹೇಳೋದಪ್ಪ. ಆಗಿನವರೆಗೂ ಚೆನ್ನಾಗೇ ಇತ್ತು. ಒಳಗೆ ಕಟ್ ಅಂತ ಒಂದು ಶಬ್ದ ಬಂತು, ಅಷ್ಟೇ. ಆಮೇಲೆ ಏನು ಮಾಡಿದ್ರೂ ಸರಿಹೋಗ್ಲಿಲ್ಲ.”

“ಯಜಮಾನರದ್ದಾ?”

“ಇನ್ಯಾರದ್ದು. ಯಜಮಾನರದ್ದೇ.”

ಮೇಷ್ಟ್ರು ಹೇಳಿದ್ದು ಪೆಟ್ಟಿಗೆಯ ಮಾತು. ದರ್ಜಿಗೆ ಕೇಳಿಸಿದ್ದು ಯಜಮಾನರ ಎದೆ ನಿಂತ ಮಾತು. ಅವನು ಕತ್ತಿನಿಂದ ಅಳತೆಯ ಟೇಪು ತೆಗೆದು ಜೇಬಿಗಿಟ್ಟುಕೊಂಡ. ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು ಗಾಡಿಯ ಹಿಂದೆ ಕೈಕಟ್ಟಿ ನಡೆಯತೊಡಗಿದ. ನಡೆಯುತ್ತಲೇ ಬೆಲ್ಲದಚ್ಚಿಗೆ ಫೋನು ಮಾಡಿ ಸುದ್ದಿ ಮುಟ್ಟಿಸಿದ. ಅವನನ್ನು ನೋಡಿ ಪಾತ್ರೆ ಅಂಗಡಿಯವನು ಬಂದ, ಅವನನ್ನು ನೋಡಿ ಔಷಧಿ ಅಂಗಡಿಯವನು. ಹೂವಿನಂಗಡಿಯ ಹೆಂಗಸು ಓಡಿಬಂದು ಗಾಡಿಯ ಮೂತಿಗೆ ದೊಡ್ಡ ಹಾರವೊಂದನ್ನು ಹಾಕಿದಳು. ಗಾಡಿ ಅಷ್ಟು ನಿಧಾನವಾಗಿದ್ದುದರಿಂದ ಹಾರದ ಗಂಟು ಬಿಗಿಯುವಷ್ಟು ಪುರುಸೊತ್ತೂ ಅವಳಿಗೆ ಸಿಕ್ಕಿತು.

ಸಿಡುಕಪ್ಪ ಕನ್ನಡಿಯಲ್ಲಿ ಹಿಂದಿನ ಜನಸಂದಣಿ ನೋಡಿದ. ನಿಧಾನವಾಗಿ ಹೋಗುತ್ತಿರುವುದಕ್ಕೆ ಊರೆಲ್ಲ ಸೇರಿ ತನ್ನನ್ನು ಗೇಲಿ ಮಾಡುತ್ತಿದೆ, ಹಾರ ಹಾಕಿ ಮೆರವಣಿಗೆ ಮಾಡುತ್ತಿದೆ ಎಂದು ಅವನ ಮೈಯೆಲ್ಲ ಉರಿಯಿತು. ಕಿಟಕಿ ಇಳಿಸಿ ಕೂಗಾಡಿದ. ನಿಮಗೆ ಮಾಡಲು ಬೇರೆ ಕೆಲಸ ಇಲ್ಲವೇ, ಮನೆ ಮಠ ಇಲ್ಲವೇ, ನಾಚಿಕೆಯಾದರೂ ಇಲ್ಲವೇ ಎಂದು ಗಂಟಲು ಕಿತ್ತುಹೋಗುವಂತೆ ಅರಚಿದ. ಎಂಜಿನ್ನಿನ ಆರ್ಭಟದಲ್ಲಿ ಒಂದು ಅಕ್ಷರವೂ ಯಾರಿಗೂ ಕೇಳಿಸಲಿಲ್ಲ. ಕೆಂಪೇರಿದ ಮುಖವೊಂದು ಕಿಟಕಿಯಲ್ಲಿ ಬಾಯಿ ಬಡಿದುಕೊಳ್ಳುತ್ತಿರುವುದು ಮಾತ್ರ ಕಾಣಿಸಿತು.

ಅವನಿಗೊಂದು ಕಾಯಿಲೆಯಿತ್ತು. ಸಿಟ್ಟು ಒಂದು ಮಟ್ಟ ದಾಟಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಕಾರ್ಖಾನೆಯಲ್ಲಿ ಯಾರೂ ಅದನ್ನು ಕಂಡವರಿರಲಿಲ್ಲ, ಏಕೆಂದರೆ ಅಲ್ಲಿ ಯಾರೂ ಅವನನ್ನು ಅಷ್ಟು ದೂರ ಕೆಣಕಿದ್ದಿಲ್ಲ. ಇವತ್ತು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂದು ಸ್ಟಿಯರಿಂಗಿಗೆ ಹಣೆ ಚಚ್ಚಿಕೊಂಡ. ಹಣೆಗೆ ತಾಗಿ ಹಾರ್ನು ದೀರ್ಘವಾಗಿ ಕೂಗಿತು.

“ಅಯ್ಯೋ ಪಾಪ” ಎಂದಳು ಹೂವಿನವಳು. “ಸ್ವಂತ ಮಗನೂ ಇಷ್ಟು ಅಳಲ್ಲ.”

ದೊಡ್ಡ ವೃತ್ತದಲ್ಲಿ ಬಲಕ್ಕೆ ತಿರುಗಿದರೆ ಸರ್ವೀಸಿನವರ ಜಾಗ. ಸಿಡುಕಪ್ಪ ಸ್ಟಿಯರಿಂಗ್ ತಿರುಗಿಸಿದ. ಕಚ್ಚಿಕೊಂಡ ಪೆಟ್ಟಿಗೆಗೆ ಮುಂದಿನ ಚಕ್ರ ಹೆಚ್ಚು, ಹಿಂದಿನದು ಕಡಿಮೆ ಉರುಳಲು ಬಿಡುವ ಮನಸ್ಸಿರಲಿಲ್ಲ. ಟೈರು ಕಿರುಚಿತು, ಗಾಡಿ ಕಪ್ಪೆಯಂತೆ ಕುಪ್ಪಳಿಸಿತು, ಕೆಳಗಿನಿಂದ ಮೂಳೆ ಮುರಿಯುವ ಸದ್ದು ಬಂತು. ಸರ್ವೀಸಿನವನ ಎಚ್ಚರಿಕೆ ನೆನಪಾಗಿ ಅವನು ಚಕ್ರ ನೆಟ್ಟಗೆ ಮಾಡಿದ. ನೇರ ಹೋದ, ಸ್ವಲ್ಪ ಸ್ವಲ್ಪವೇ ಎಡಕ್ಕೆ ವಾಲಿಸುತ್ತಾ ಇಡೀ ವರ್ತುಲ ರಸ್ತೆ ಸುತ್ತಿದ. ಸುತ್ತಿ ಬಂದು ನೋಡಿದರೆ ಎದುರಿಗೆ ನಿಂತದ್ದು ಹಾಸಿಗೆ ಕಾರ್ಖಾನೆಯ ಗೇಟು. ಸಿಟ್ಟಿಗೆ ಮತ್ತೊಮ್ಮೆ ಹಣೆ ಚಚ್ಚಿಕೊಂಡ, ಹಾರ್ನು ಮತ್ತೆ ಕೂಗಿತು. ಅಷ್ಟು ಹೊತ್ತಿಗೆ ಅವನ ಗಂಟಲಿನಲ್ಲಿ ದನಿಯೇ ಉಳಿದಿರಲಿಲ್ಲ.

ಗೇಟಿನೊಳಗೆ ಕೆಲಸಗಾರರೆಲ್ಲ ಸಾಲಾಗಿ ನಿಂತಿದ್ದರು. ದರ್ಜಿಯ ಫೋನು ಬಂದೊಡನೆ ಬೆಲ್ಲದಚ್ಚು ಮೇಲಕ್ಕೆ ಓಡಿದ್ದ. ಗಾಜಿನ ಬಾಗಿಲಿನಿಂದ ಇಣುಕಿದರೆ, ಯಜಮಾನರು ಹೊಸ ಹಾಸಿಗೆಯ ಮೇಲೆ ಅಂಗಾತ ಮಲಗಿದ್ದಾರೆ, ಬಿಳಿ ಚಾದರ ಕುತ್ತಿಗೆಯವರೆಗೆ ಹೊದ್ದಿದ್ದಾರೆ, ಬಾಯಿ ತೆರೆದಿದೆ. ಅವನಿಗೆ ಅಷ್ಟು ಸಾಕಾಯಿತು. ಯಜಮಾನರು ಇಲ್ಲಿದ್ದರೆ ಊರೆಲ್ಲ ಹಿಂದೆ ಬರುತ್ತಿರುವ ಗಾಡಿಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ. ಅವನಿಗೆ ಭಾಷಣ ಸಿದ್ಧಪಡಿಸುವ ಗಡಿಬಿಡಿಯಿತ್ತು.

ಗಾಡಿ ಅಂಗಳಕ್ಕೆ ಬಂದು ನಿಂತಾಗ ಬೆಲ್ಲದಚ್ಚು ಸ್ಟೂಲಿನ ಮೇಲೆ ನಿಂತಿದ್ದ. ಯಜಮಾನರು ಊರಿಗೆಲ್ಲ ನಿದ್ದೆ ಕೊಟ್ಟು ತಾವೀಗ ದೊಡ್ಡ ನಿದ್ದೆಗೆ ಜಾರಿದರು ಎಂದ. ಅದನ್ನು ಹೇಳುವಾಗ ಅವನ ಕಣ್ಣು ಒಣಗಿದ ಬಾವಿಯಂತಿತ್ತು. ಯಾರೋ ಹಿಂದಿನಿಂದ, ಹಾಗಾದರೆ ಇವತ್ತು ರಜೆಯೇ ಎಂದು ಕೇಳಿದರು. ಸಾಯಂಕಾಲದ ಹೊತ್ತಿಗೆ ತಾನೇ ಮ್ಯಾನೇಜರಾಗಿದ್ದರೆ ಮೊದಲ ದಿನವೇ ಉತ್ಪಾದನೆ ಕುಸಿಯುವುದು ಬೆಲ್ಲದಚ್ಚಿಗೆ ಬೇಡವಾಗಿತ್ತು.

“ಅವರ ನೆನಪಿಗೆ ರಜೆ ತಗೊಳ್ಳೋದು ಅವರಿಗೆ ಮಾಡೋ ಅವಮಾನ. ಇವತ್ತು ಎಲ್ಲರೂ ಒಂದು ಗಂಟೆ ಹೆಚ್ಚು ಕೆಲಸ ಮಾಡೋಣ” ಎಂದ.

ಸಿಡುಕಪ್ಪ ಗಾಡಿಯಿಂದ ಇಳಿದ. ಬೆಲ್ಲದಚ್ಚು, ಸ್ಟೂಲು, ಹಾರ, ಜನ ಎಲ್ಲವನ್ನೂ ನೋಡಿದ. ಒಂದೂ ಅರ್ಥವಾಗದೆ ಎಲ್ಲದರ ಮೇಲೂ ಒಟ್ಟಿಗೇ ಸಿಟ್ಟು ಬಂತು. ಕಣ್ಣಿನಿಂದ ನೀರು ದಳದಳ ಇಳಿಯಿತು. ಬಾಯಿ ತೆರೆದರೆ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಮೇಷ್ಟ್ರು ಅವನ ಭುಜ ಹಿಡಿದುಕೊಂಡರು.

ಆಗಲೇ ಮೇಲಿನಿಂದ ಯಾರೋ ಕೆಮ್ಮಿದರು. ತಲೆಯೆತ್ತಿದರೆ ಮಹಡಿಯ ಮೊಗಸಾಲೆಯ ಕಟಕಟೆಗೆ ಕೈಯೂರಿ, ಚಾದರ ಹೊದ್ದು, ಯಜಮಾನರು ನಿಂತಿದ್ದರು. ಗೇಟಿನಲ್ಲಿ ಕೂಗಿದ ಹಾರ್ನಿನ ಸದ್ದಿಗೆ ಎದ್ದು ಬಂದವರು ಭಾಷಣವನ್ನು ಮೊದಲಿನಿಂದ ಕೇಳಿದ್ದರು. ಹೂವಿನವಳು ಹಾರ ಬಿಚ್ಚಿಕೊಳ್ಳಲು ಹೋದಳು, ಗಂಟು ಬಿಗಿಯಾಗಿತ್ತು. ಬೆಲ್ಲದಚ್ಚು ಸ್ಟೂಲಿನಿಂದ ಇಳಿಯುವುದೋ ಬಿಡುವುದೋ ತಿಳಿಯದೆ ಒಂದು ಕಾಲು ಕೆಳಗಿಟ್ಟು ನಿಂತ.

ಬೆಲ್ಲದಚ್ಚಿನ ಕತೆ ಇಂದಿಗೆ ಮುಗಿಯಿತು ಎಂದು ಸಿಡುಕಪ್ಪನಿಗೆ ಅನ್ನಿಸಿತು. ಅಂದಿನ ದಿನದಲ್ಲಿ ಮೊದಲ ಬಾರಿಗೆ ಅವನ ಸಿಟ್ಟು ಒಂದಿಷ್ಟು ತಣಿಯಿತು.

ಯಜಮಾನರು ಇಳಿದು ಬಂದರು. ಊರಿಗೆ ಊರೇ ತಮ್ಮ ಹಿಂದೆ ಬಂದದ್ದನ್ನು ಕಂಡು ಅವರ ಮುಖ ಅರಳಿತ್ತು. ನಡೆದದ್ದನ್ನೆಲ್ಲ ಮೇಷ್ಟ್ರಿಂದ ಕೇಳಿ ತಿಳಿದುಕೊಂಡರು. ತಾವು ಗುಂಡಿ ಒತ್ತಿದ ವಿಷಯವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮೇಷ್ಟ್ರು ಹೇಳಿದರು. ಸಿಡುಕಪ್ಪ ದಾರಿಯುದ್ದಕ್ಕೂ ಹಣೆ ಚಚ್ಚಿಕೊಂಡು ಅತ್ತದ್ದನ್ನು ಎರಡು ಸಲ ಹೇಳಿದರು. ಯಜಮಾನರು ಅವನ ಎದುರು ಬಂದು ನಿಂತು ಬಹಳ ಹೊತ್ತು ಅವನ ಒದ್ದೆ ಮುಖ ನೋಡಿದರು.

“ನಿಜ ಹೇಳ್ತೀನಿ ಕಣಯ್ಯಾ. ನಿನ್ನ ಸಿಟ್ಟು ನೋಡಿ ನಿನ್ನನ್ನೇ ಮ್ಯಾನೇಜರ್ ಮಾಡೋಣ ಅಂತಿದ್ದೆ. ಇಷ್ಟು ಜನರನ್ನ ಹಿಡಿತದಲ್ಲಿ ಇಡೋಕೆ ಒಬ್ಬ ಕಲ್ಲುಮನಸ್ಸಿನವನು ಬೇಕು. ನೀನು ನೋಡಿದ್ರೆ ಒಳಗೆ ಹೂವು. ನಿನ್ನಂಥ ಮೆತ್ತನೆ ಮನುಷ್ಯನ್ನ ಆ ಕುರ್ಚಿ ಮೇಲೆ ಕೂರಿಸಿದ್ರೆ ದೇವರು ಮೆಚ್ಚಲ್ಲ.” ಅವರು ಬೆಲ್ಲದಚ್ಚಿನ ಕಡೆ ತಿರುಗಿದರು. “ಇವನನ್ನ ನೋಡು. ನಾನು ಸತ್ತ ದಿನಾನೂ ಒಂದು ಗಂಟೆ ಹೆಚ್ಚು ಕೆಲಸ ಮಾಡಿಸ್ತಿದ್ದಾನೆ. ಒಂದು ಹನಿ ಕಣ್ಣೀರಿಲ್ಲ. ಇವನೇ ಮ್ಯಾನೇಜರ್.”

ಬೆಲ್ಲದಚ್ಚು ಕೆಳಗಿಟ್ಟ ಕಾಲನ್ನು ಮತ್ತೆ ಸ್ಟೂಲಿನ ಮೇಲೆ ಇಟ್ಟ. ಜನ ಚಪ್ಪಾಳೆ ತಟ್ಟಿದರು.

ಗಾಡಿಯನ್ನು ಮಾತ್ರ ಇನ್ನು ಮುಂದೆ ಬೇರೆ ಯಾರ ಕೈಗೂ ಕೊಡುವುದಿಲ್ಲ, ಅದನ್ನು ತಾಯಿಯಂತೆ ನಡೆಸಿಕೊಂಡು ಬಂದ ಸಿಡುಕಪ್ಪನೇ ಓಡಿಸಬೇಕು ಎಂದು ಯಜಮಾನರು ಅಲ್ಲೇ ಸಾರಿದರು. ಉಗ್ರಾಣದ ಕೆಲಸ ಮುಗಿದ ಮೇಲೆ ಸಾಯಂಕಾಲ ತಮ್ಮನ್ನು ಮನೆಗೆ ಬಿಟ್ಟರಾಯಿತು; ಈಗ ಮೊದಲು ಸರ್ವೀಸಿಗೆ ಬಿಟ್ಟು ಬರಲಿ, ಆತುರವೇನಿಲ್ಲ ಎಂದರು.

ತಾನು ಅತ್ತದ್ದಲ್ಲವೆಂದೂ ಅದು ಸಿಟ್ಟೆಂದೂ, ನಿಮ್ಮ ಮೇಲೆ, ನಿಮ್ಮ ಗಾಡಿಯ ಮೇಲೆ, ಅದರ ಹಾಳು ಪೆಟ್ಟಿಗೆಯ ಮೇಲೆ ಹುಟ್ಟಿದ ಸಿಟ್ಟೆಂದೂ ಹೇಳಲು ಸಿಡುಕಪ್ಪ ಬಾಯಿ ತೆರೆದ. ದನಿ ಹೊರಡಲಿಲ್ಲ. ಮುಷ್ಟಿ ಬಿಗಿದ, ತುಟಿ ಅದುರಿತು, ಎರಡೂ ಕಣ್ಣು ಮತ್ತೆ ತುಂಬಿ ಹರಿದವು.

ಯಜಮಾನರು ಅವನ ಬೆನ್ನು ತಟ್ಟುತ್ತಾ ಜನರ ಕಡೆ ನೋಡಿದರು.

“ನೋಡಿದ್ರಾ, ಮತ್ತೆ ಶುರುವಾಯ್ತು” ಎಂದರು.