ಪಶ್ಚಿಮದ ಗೋಡೆಯ ಬಳ್ಳಿ ವಿಪರೀತ ತಂಪು ಮಾಡುತ್ತಿರುವ ಬಗ್ಗೆ

ಇಂದ:
ಎಸಿ ರಿಪೇರಿಯವನು,
ಮೂರನೇ ಮಹಡಿ, ಕೊನೆಯ ಮನೆ,
ಹಾಲ್‌ನಲ್ಲಿ, ಒಬ್ಬನೇ.

ಗೆ:
ಮಾನ್ಯ ಕಾರ್ಯದರ್ಶಿಯವರು,
ನಿವಾಸಿಗಳ ಸಂಘ,
ಅದೇ ಮನೆ, ಪಶ್ಚಿಮದ ಕೋಣೆ, ಮುಚ್ಚಿದ ಬಾಗಿಲ ಒಳಗೆ.

ವಿಷಯ: ಸದರಿ ಕೋಣೆಯ ಹೊರಗೋಡೆಯ ಬಳ್ಳಿಯನ್ನು ಕತ್ತರಿಸಿ, ಕೋಣೆಯನ್ನು ಮೊದಲಿನಂತೆ ಬಿಸಿ ಮಾಡಿಕೊಡುವ ಕುರಿತು.

ಉಲ್ಲೇಖ: ಕಳೆದ ಭಾನುವಾರದ ಸಭೆಯಲ್ಲಿ ಅರ್ಜಿದಾರನು ಆಡಿದ ಮಾತು ಹಾಗೂ ಅಂದಿನಿಂದ ತಾವು ಆಡದ ಮಾತು.

ಮಾನ್ಯರೇ,

ತಮ್ಮ ಗಂಡನೂ ಆಗಿರುವ ಅರ್ಜಿದಾರನು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

೧. ಬಳ್ಳಿ ಬರುವ ಮೊದಲು ಸದರಿ ಕೋಣೆ ಮಧ್ಯಾಹ್ನವಾದರೆ ಕಾದ ಹೆಂಚು. ಮನೆಗೆ ಇರುವುದು ಹಾಲ್‌ನ ಒಂದೇ ಎಸಿ. ಕಾರಣ, ತಾವು ಎಷ್ಟೇ ಮುನಿಸಿಕೊಂಡು ಒಳಹೋಗಿ ಬಾಗಿಲು ಹಾಕಿಕೊಂಡರೂ ಸಂಜೆಯೊಳಗೆ ಬೆವರು ಒರೆಸಿಕೊಳ್ಳುತ್ತ ಹೊರಬಂದು ಎಸಿ ಎದುರು ಕೂರುತ್ತಿದ್ದಿರಿ. ಪಕ್ಕದ ಕುರ್ಚಿಯಲ್ಲಿ ಅರ್ಜಿದಾರನು ಮೊದಲೇ ಹಾಜರಿರುತ್ತಿದ್ದನು. ಹೀಗೆ ಎಷ್ಟೋ ಜಗಳಗಳು ಯಾರೂ ಸೋಲದೆ ಇತ್ಯರ್ಥವಾಗಿವೆ.

೨. ಕರೆಂಟು ಉಳಿಸುವ ಸಲುವಾಗಿ ತಾವು ಗೋಡೆಗೆ ತಂತಿಬಲೆ ಕಟ್ಟಿಸಿ ಬಳ್ಳಿ ಹಬ್ಬಿಸಿದಿರಿ. ಬಿಸಿಲೆಲ್ಲ ಎಲೆಯ ಮೇಲೇ ಬಿದ್ದರೆ ಗೋಡೆ ಕಾಯುವುದಿಲ್ಲ, ಗೋಡೆ ಕಾಯದಿದ್ದರೆ ಎಸಿ ಹೆಚ್ಚು ಓಡಬೇಕಿಲ್ಲ ಎಂದು ತಾವು ಸಭೆಗೆ ವಿವರಿಸುತ್ತಿದ್ದಾಗ ಅರ್ಜಿದಾರನು ಕರೆಯದೆ ಎದ್ದು ನಿಂತು, "ಎಲೆಯಿಂದ ಮನೆ ತಣ್ಣಗಾಗೋದಾದ್ರೆ ನಾನು ಅಂಗಡಿ ಮುಚ್ಚಿ ಸೊಪ್ಪು ಮಾರ್ತೀನಿ" ಎಂದನು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅರ್ಜಿದಾರನಿಗೆ ಆಗ ಬಹಳ ಖುಷಿಯಾಯಿತು. ತಾವು ಕೈಯಲ್ಲಿದ್ದ ಕಾಗದ ಮಡಚಿ ಕೂತುಬಿಟ್ಟಿರಿ. ಹೇಳಬೇಕಾದದ್ದು ಇನ್ನೂ ಅರ್ಧ ಉಳಿದಿತ್ತು.

೩. ಅಂದು ಕೋಣೆ ಸೇರಿದವರು ಊಟಕ್ಕೆ ಬಿಟ್ಟರೆ ಹೊರಬಂದಿಲ್ಲ. ಅರ್ಜಿದಾರನು ಎಂದಿನಂತೆ ಬಿಸಿಲನ್ನು ನಂಬಿ ಕಾದನು. ಬಿಸಿಲು ಬಂತು, ತಾವು ಬರಲಿಲ್ಲ. ಸಾಲದ್ದಕ್ಕೆ ಅರ್ಜಿದಾರನ ಹೆತ್ತ ತಾಯಿಯೇ ಕುರ್ಚಿ ಎತ್ತಿಕೊಂಡು ಸೊಸೆಯ ಕಡೆ ಸೇರಿದ್ದಾರೆ. ಬಾಗಿಲು ತಟ್ಟಿದ್ದಕ್ಕೆ ಅವರಿಂದ ಬಂದ ಉತ್ತರ: "ತೆಗೀಬೇಡ ಕಣೋ, ಬಿಸಿಗಾಳಿ ಒಳಗೆ ಬರುತ್ತೆ. ತಪ್ಪಾಯ್ತು ಅನ್ನೋಕೆ ನಿಂಗೇನು ಬಾಯಿಲ್ವಾ?"

೪. ಎಲ್ಲೋ ಏನೋ ಕೆಟ್ಟಿರಬೇಕೆಂದು ಭಾವಿಸಿ, ತಾವಿಬ್ಬರೂ ಊಟಕ್ಕೆ ಕೂತಿದ್ದ ವೇಳೆ ಅರ್ಜಿದಾರನು ಕಸುಬಿನ ರೂಢಿಯಂತೆ ಕೋಣೆ ಹೊಕ್ಕು ಗೋಡೆಗೆ ಅಂಗೈ ಇಟ್ಟು ಪರಿಶೀಲಿಸಿದನು. ನಡುಮಧ್ಯಾಹ್ನದಲ್ಲೂ ಗೋಡೆ ಮಡಕೆಯ ಹಾಗೆ ತಣ್ಣಗಿತ್ತು. ಅದೇ ಬಳ್ಳಿಯ ದೆಸೆಯಿಂದ ಹಾಲ್‌ನ ಎಸಿಯೂ ಈಗ ಆಗಾಗ ತಾನಾಗಿಯೇ ಸುಮ್ಮನಾಗುತ್ತದೆ. ಆಗ ಮನೆ ಬಿಕೋ ಎನ್ನುತ್ತದೆ. ತಮ್ಮ ಮಾತಿಲ್ಲದೆ ಅರ್ಜಿದಾರನಿಗೆ ತುಂಬ ಬೇಸರವಾಗಿದೆ.

ಆದ್ದರಿಂದ ಬಳ್ಳಿಯನ್ನು ಕತ್ತರಿಸಿಕೊಡಿ ಎಂದು ಕೋರುವಷ್ಟರಲ್ಲಿ ಒಂದು ತೊಡಕು ಕಂಡುಬಂದಿರುತ್ತದೆ. ಬಳ್ಳಿ ಯಾವ ಕೆಲಸಕ್ಕೂ ಬಾರದೆಂದು ಊರ ಮುಂದೆ ಹೇಳಿದವನೇ, ಅದು ಅತಿಯಾಗಿ ಕೆಲಸ ಮಾಡುತ್ತಿರುವ ಕಾರಣ ಕತ್ತರಿಸಿ ಎಂದು ಬರೆಯುತ್ತಿದ್ದಾನೆ. ತಾವು ಹೇಳಿದ್ದೇ ಸರಿ. ಅರ್ಜಿದಾರನಿಂದ ತಪ್ಪಾಗಿದೆ.

ಕಾರಣ, ಮೇಲಿನ 'ವಿಷಯ'ವನ್ನು ರದ್ದೆಂದು ಪರಿಗಣಿಸಿ, ಬಳ್ಳಿಯನ್ನು ಅದರ ಪಾಡಿಗೆ ಬಿಟ್ಟು, ಮುಂದಿನ ಸಭೆಯಲ್ಲಿ ತಾವು ಉಳಿದರ್ಧವನ್ನು ಹೇಳಿ ಮುಗಿಸಬೇಕಾಗಿಯೂ, ಅದಕ್ಕೆ ಮೊದಲು ಈ ಅರ್ಜಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಲು ಅರ್ಜಿದಾರನಿಗೆ ಅನುಮತಿ ನೀಡಬೇಕಾಗಿಯೂ ವಿನಂತಿ.

ಬಿಸಿಲಿನ ಸಹಾಯವಿಲ್ಲದೆ,
ತಮ್ಮ ವಿಶ್ವಾಸಿ,
ಎಸಿ ರಿಪೇರಿಯವನು

ಲಗತ್ತುಗಳು:
೧. ಟೀ, ಒಂದು ಲೋಟ (ಬಾಗಿಲ ಹೊರಗಿದೆ, ಆರುವ ಮೊದಲು ಸ್ವೀಕರಿಸುವುದು).
೨. ಅಮ್ಮನಿಗೂ ಒಂದು.
೩. ಬಳ್ಳಿ ಕತ್ತರಿಸಲೆಂದು ತಂದಿದ್ದ ಕತ್ತರಿ, ತಮ್ಮ ವಶಕ್ಕೆ.

ವಿಶೇಷ ಸೂಚನೆ: ಅರ್ಜಿದಾರನು ಓದುವಾಗ ಸಭೆ ನಕ್ಕರೆ, ಕಾರ್ಯದರ್ಶಿಯವರು ದಯವಿಟ್ಟು ಯಾರನ್ನೂ ತಡೆಯಬಾರದು.